ಬರೆದವರು ಯಾರೋ, ನೋಟಿಸು ನಿಮಗೆ

2004ರ ನವೆಂಬರ್ 27, ಶನಿವಾರ ರಾತ್ರಿ. ಬಾಜೀ ಡಾಟ್ ಕಾಮ್ ಎಂಬ ಹರಾಜು ಜಾಲತಾಣಕ್ಕೆ ಬಳಕೆದಾರರೊಬ್ಬರಿಂದ ಒಂದು ದೂರು ಬಂತು. ಖರಗ್‌ಪುರ ಐಐಟಿಯ ವಿದ್ಯಾರ್ಥಿಯೊಬ್ಬ ಶಾಲಾ ಮಕ್ಕಳಿಬ್ಬರ ಖಾಸಗಿ ವಿಡಿಯೊ ತುಣುಕನ್ನು ಅಲ್ಲಿ 125 ರೂಪಾಯಿಗೆ ಮಾರಾಟಕ್ಕಿಟ್ಟಿದ್ದ. ಭಾನುವಾರವಿಡೀ ಆ ಪುಟ ಹಾಗೇ ಉಳಿಯಿತು. ಸೋಮವಾರ ಬೆಳಿಗ್ಗೆ ತೆಗೆಯುವಷ್ಟರಲ್ಲಿ 8 ಮಂದಿ ಖರೀದಿಸಿಯಾಗಿತ್ತು. ಡಿಸೆಂಬರಿನಲ್ಲಿ ದೆಹಲಿ ಪೊಲೀಸರು ಕಂಪನಿಯ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನು ಬಂಧಿಸಿದರು. ವಿಡಿಯೊ ತೆಗೆದವರು ಅವರಲ್ಲ, ಮಾರಿದವರೂ ಅಲ್ಲ. ಆದರೂ ಅವರ ಮೇಲಿನ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ರದ್ದಾಗಲು 2012ರವರೆಗೆ ಕಾಯಬೇಕಾಯಿತು. ಅದೂ ಕಂಪನಿಯನ್ನು ಬಿಟ್ಟು ನಿರ್ದೇಶಕರನ್ನಷ್ಟೇ ಆರೋಪಿ ಮಾಡಿದ್ದು ಸರಿಯಲ್ಲ ಎಂಬ ತಾಂತ್ರಿಕ ಕಾರಣಕ್ಕೆ. ಅದೇ ಸಂಸ್ಥೆಯ ಹಿರಿಯ ವ್ಯವಸ್ಥಾಪಕರೊಬ್ಬರು ಪಾರಾದದ್ದು 2016ರ ಡಿಸೆಂಬರಿನಲ್ಲಿ, ಅಂದರೆ 12 ವರ್ಷಗಳ ಮೇಲೆ.

ಅಂಥ ಜಾಲತಾಣ ನಡೆಸಲು ಇಂದು ದೊಡ್ಡ ಕಂಪನಿ ಬೇಕಿಲ್ಲ. ತಾಲ್ಲೂಕಿನ ಸುದ್ದಿ ತಾಣ, ವಧೂವರರ ವೇದಿಕೆ, ಹಳೆಯ ಟ್ರ್ಯಾಕ್ಟರ್ ಕೊಳ್ಳುವ ಮಾರುವ ಪುಟ, ಪಿಜಿ ಮತ್ತು ಆಸ್ಪತ್ರೆಗಳ ಬಗ್ಗೆ ಜನ ಅನುಭವ ಹಂಚಿಕೊಳ್ಳುವ ತಾಣ, ಓದುಗರೇ ಕಥೆ ಕವಿತೆ ಏರಿಸುವ ಸಾಹಿತ್ಯ ತಾಣ, ಹೀಗೆ ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನಡೆಸುವ ತಾಣಗಳು ಕನ್ನಡದಲ್ಲಿ ಬೇಕಾದಷ್ಟಿವೆ. ನಡೆಸುವವರಲ್ಲಿ ಕೆಲವರು ‘ನಾನು ಬರೆದದ್ದಲ್ಲ, ನನಗೇನು ಸಂಬಂಧ’ ಎಂದು ನಿಶ್ಚಿಂತರಾಗಿರುತ್ತಾರೆ. ಇನ್ನು ಕೆಲವರು ವಕೀಲರ ಒಂದು ನೋಟಿಸು ಕಂಡೊಡನೆ ಹೆದರಿ ಇದ್ದಬದ್ದದ್ದನ್ನೆಲ್ಲ ಅಳಿಸಿಬಿಡುತ್ತಾರೆ. ಎರಡೂ ತಪ್ಪು. ಮೊದಲನೆಯದರಿಂದ ಮಾಲೀಕ ಸಿಕ್ಕಿಬೀಳುತ್ತಾನೆ. ಎರಡನೆಯದರಿಂದ ನಿಜ ಹೇಳಿದ ನಾಗರಿಕನ ಬಾಯಿ ಕಟ್ಟುತ್ತದೆ. ಬೇರೆಯವರ ಬರಹದ ವಿಷಯದಲ್ಲಿ ನಮ್ಮ ಕಾನೂನು ಮಾಲೀಕನಿಗೆ ಕೇಳುವ ಮುಖ್ಯ ಪ್ರಶ್ನೆ ಒಂದೇ: ಅದು ಅಲ್ಲಿದೆಯೆಂದು ತಿಳಿದ ಮೇಲೆ ನೀವೇನು ಮಾಡಿದಿರಿ?

ರಕ್ಷಣೆ ಎಲ್ಲಿಂದ ಬರುತ್ತದೆ

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಇದಕ್ಕೆ ಸಂಬಂಧಿಸಿದ್ದು ಸೆಕ್ಷನ್ 79. ಮೊದಲಿಗೆ ಅದರ ರಕ್ಷಣೆ ಆ ಕಾಯ್ದೆಯಡಿಯ ಅಪರಾಧಗಳಿಗಷ್ಟೇ ಸೀಮಿತವಾಗಿತ್ತು. ಬಾಜೀ ಪ್ರಕರಣದ ಬಿಸಿ ತಟ್ಟಿದ ಮೇಲೆ 2008ರಲ್ಲಿ ತಿದ್ದುಪಡಿಯಾಗಿ, 2009ರ ಅಕ್ಟೋಬರ್ 27ರಿಂದ ಬೇರೆ ಕಾನೂನುಗಳಿಗೂ ಅದು ವಿಸ್ತರಿಸಿತು. ಈ ದಿನಾಂಕದ ಮಹತ್ವ ಗೂಗಲ್ ಇಂಡಿಯಾ ಮತ್ತು ವಿಶಾಕ ಇಂಡಸ್ಟ್ರೀಸ್ ನಡುವಿನ ಮೊಕದ್ದಮೆಯಲ್ಲಿ ಕಂಡಿತು. ಕಲ್ನಾರಿನ ಉದ್ಯಮದ ಬಗ್ಗೆ ಯಾರೋ 2008ರಲ್ಲಿ ಗೂಗಲ್ ಗ್ರೂಪ್ಸ್‌ನಲ್ಲಿ ಹಾಕಿದ ಬರಹದ ಮೇಲೆ ಮಾನಹಾನಿ ದಾವೆ ಬಿದ್ದಿತ್ತು. ಬರಹ ತಿದ್ದುಪಡಿಗೆ ಮುಂಚಿನದು, ಆದ್ದರಿಂದ ಹೊಸ ರಕ್ಷಣೆ ಅನ್ವಯಿಸದು ಎಂದು 2019ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಹೇಳಿತು.

ಸೆಕ್ಷನ್ 79ರ ಫಲ ಸಿಗುವುದು ಮಧ್ಯವರ್ತಿಗೆ, ಅಂದರೆ ಬೇರೆಯವರ ಮಾಹಿತಿಯನ್ನು ಅವರ ಪರವಾಗಿ ಪಡೆದು, ಇಟ್ಟುಕೊಂಡು ಅಥವಾ ರವಾನಿಸಿ ಕೊಡುವವರಿಗೆ. ಟೆಲಿಕಾಂ ಕಂಪನಿ, ಸರ್ಚ್ ಎಂಜಿನ್, ಆನ್‌ಲೈನ್ ಮಾರುಕಟ್ಟೆಗಳಷ್ಟೇ ಅಲ್ಲ, ಊರಿನ ಸೈಬರ್ ಕೆಫೆ ಕೂಡ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ. ಚಿಕ್ಕ ತಾಣವೆಂಬ ಕಾರಣಕ್ಕೆ ಯಾರಿಗೂ ಹೊಣೆ ಕಡಿಮೆಯಾಗುವುದಿಲ್ಲ. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಜಾಲಗಳಿಗೆ ಹೆಚ್ಚುವರಿ ಕರ್ತವ್ಯಗಳಿವೆ, ಅಷ್ಟೆ.

ರಕ್ಷಣೆಗೆ ಷರತ್ತುಗಳಿವೆ. ಬರಹವನ್ನು ಹುಟ್ಟುಹಾಕಿದವರು ನೀವಾಗಿರಬಾರದು. ಯಾರಿಗೆ ತಲುಪಬೇಕೆಂದು ನೀವು ಆರಿಸಿರಬಾರದು. ಒಳಗಿನ ಮಾಹಿತಿಯನ್ನು ಆಯ್ದಿರಬಾರದು, ತಿದ್ದಿರಲೂಬಾರದು. ನಿಯಮಗಳು ಹೇಳುವ ಎಚ್ಚರಿಕೆ ಪಾಲಿಸಿರಬೇಕು. ಅಪರಾಧಕ್ಕೆ ಪ್ರಚೋದನೆ, ಸಹಾಯ, ಸಂಚು ಇದ್ದರೆ ರಕ್ಷಣೆಯ ಮಾತೇ ಇಲ್ಲ.

ಇಲ್ಲಿ ಕನ್ನಡದ ಸುದ್ದಿ ತಾಣಗಳವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಪತ್ರಿಕೆಯ ವಾಚಕರ ವಾಣಿಯಲ್ಲಿ ಅಚ್ಚಾದ ಪತ್ರಕ್ಕೆ ಸಂಪಾದಕರು ಹೊಣೆ, ಏಕೆಂದರೆ ನೂರು ಪತ್ರಗಳಲ್ಲಿ ಅದನ್ನು ಆರಿಸಿ, ತಿದ್ದಿ, ತಲೆಬರಹ ಕೊಟ್ಟವರು ಅವರು. ನಿಮ್ಮ ತಾಣದಲ್ಲಿ ಓದುಗರು ಕಳಿಸಿದ ಲೇಖನವನ್ನು ನೀವು ಹಾಗೆಯೇ ಆರಿಸಿ, ತಿದ್ದಿ, ಚಿತ್ರ ಹಾಕಿ ಪ್ರಕಟಿಸಿದರೆ ಆ ಲೇಖನದ ಮಟ್ಟಿಗೆ ನೀವು ಪ್ರಕಾಶಕರು. ಸೆಕ್ಷನ್ 79ರ ನೆರಳು ಅಲ್ಲಿಗೆ ಬೀಳುವುದಿಲ್ಲ. ಅದರ ಕೆಳಗೆ ಓದುಗರು ನೇರವಾಗಿ ಬರೆಯುವ ಪ್ರತಿಕ್ರಿಯೆಗಳಿಗೆ ನೀವು ಮಧ್ಯವರ್ತಿ. ಒಂದೇ ಪುಟದಲ್ಲಿ ಎರಡು ಪಾತ್ರ. ‘ಅಭಿಪ್ರಾಯಗಳು ಲೇಖಕರವು, ಸಂಪಾದಕರು ಹೊಣೆಯಲ್ಲ’ ಎಂದು ಕೆಳಗೆ ಬರೆದುಬಿಟ್ಟರೆ ಪ್ರಕಾಶಕನ ಹೊಣೆ ಕರಗುವುದಿಲ್ಲ. ಕನ್ನಡದ ಎಷ್ಟೋ ತಾಣಗಳು ಈ ಒಂದು ಸಾಲನ್ನೇ ರಕ್ಷಾಕವಚವೆಂದು ನಂಬಿ ಕೂತಿವೆ. ಅದನ್ನು ನಂಬಬೇಡಿ.

ಹಾಗಾದರೆ ಬೈಗುಳ ತೆಗೆದುಹಾಕಿದರೂ ಪ್ರಕಾಶಕರಾಗಿಬಿಡುತ್ತೇವೆಯೇ? ಇಲ್ಲ. ನಿಯಮ ಮೀರಿದ ಬರಹವನ್ನು ಸ್ವಇಚ್ಛೆಯಿಂದಲೋ ದೂರಿನ ಮೇಲೋ ತೆಗೆದರೆ ಸೆಕ್ಷನ್ 79ರ ಷರತ್ತು ಮುರಿದಂತಾಗದು ಎಂದು 2021ರ ಮಧ್ಯವರ್ತಿ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ತೆಗೆಯುವುದು ಸರಿ. ಉಳಿಸಿಕೊಂಡು ಸಾಲು ಬದಲಿಸುವುದು, ಪದ ತಿದ್ದುವುದು ಅಪಾಯ. ಬೇರೆಯವರ ಮಾತನ್ನು ಪೂರ್ತಿ ಇಡಿ, ಇಲ್ಲವೇ ಪೂರ್ತಿ ತೆಗೆಯಿರಿ.

ತಿಳಿದದ್ದು ಯಾವಾಗ?

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದ ತೀರ್ಪು ಬಂತು. ಆಕ್ಷೇಪಾರ್ಹ ಆನ್‌ಲೈನ್ ಬರಹವನ್ನು ಅಪರಾಧವಾಗಿಸಿದ್ದ ಕುಖ್ಯಾತ ಸೆಕ್ಷನ್ 66ಎ ರದ್ದಾದದ್ದು ಅದರಲ್ಲೇ ಎಂಬುದು ಎಲ್ಲರಿಗೂ ನೆನಪಿದೆ. ತಾಣ ನಡೆಸುವವರಿಗೆ ಅದರ ಇನ್ನೊಂದು ಭಾಗ ಹೆಚ್ಚು ಮುಖ್ಯ. ‘ತಿಳಿದ ಮೇಲೂ ತೆಗೆಯದಿದ್ದರೆ ರಕ್ಷಣೆ ಇಲ್ಲ’ ಎಂಬ ಮಾತಿನಲ್ಲಿ ತಿಳಿಯುವುದೆಂದರೆ ನ್ಯಾಯಾಲಯದ ಆದೇಶದಿಂದ ಅಥವಾ ಸರ್ಕಾರದ ಅಧಿಕೃತ ಸೂಚನೆಯಿಂದ ತಿಳಿಯುವುದು ಎಂದು ಸುಪ್ರೀಂ ಕೋರ್ಟ್ ಅರ್ಥೈಸಿತು. ಕೋಟ್ಯಂತರ ಜನ ಕೋರಿಕೆ ಕಳಿಸುವಾಗ ಯಾವುದು ನ್ಯಾಯಯುತ, ಯಾವುದು ಅಲ್ಲ ಎಂದು ಮಧ್ಯವರ್ತಿಯೇ ತೀರ್ಪು ಕೊಡಲಾರ ಎಂಬುದು ಅದರ ತರ್ಕ.

ಒಂದು ಉದಾಹರಣೆ ನೋಡೋಣ. ನಿಮ್ಮ ತಾಣದಲ್ಲಿ ಯಾರೋ ಒಬ್ಬರು, ಇಂಥ ಆಸ್ಪತ್ರೆಯಲ್ಲಿ ಮುಂಗಡ ಕಟ್ಟದೆ ಹೆರಿಗೆಗೆ ಸೇರಿಸಿಕೊಳ್ಳಲಿಲ್ಲ ಎಂದು ದಿನಾಂಕ ಸಮೇತ ಬರೆಯುತ್ತಾರೆ. ಆಸ್ಪತ್ರೆಯ ವಕೀಲರಿಂದ ‘24 ಗಂಟೆಯೊಳಗೆ ತೆಗೆಯದಿದ್ದರೆ 5 ಕೋಟಿ ದಾವೆ’ ಎಂಬ ನೋಟಿಸು ಬರುತ್ತದೆ. ಮಾನಹಾನಿಯ ಮಟ್ಟಿಗೆ ಈ ಖಾಸಗಿ ನೋಟಿಸು ನ್ಯಾಯಾಲಯದ ಆದೇಶಕ್ಕೆ ಸಮವಲ್ಲ. ಓದಿದ ದಿನವೇ ಗಡಗಡನೆ ಅಳಿಸಬೇಕಾಗಿಲ್ಲ. ಹಾಗೆಂದು ಕಸದ ಬುಟ್ಟಿಗೂ ಹಾಕುವಂತಿಲ್ಲ, ಏಕೆಂದರೆ ದೂರಿಗೆ ಉತ್ತರಿಸುವ ಕರ್ತವ್ಯ ನಿಯಮಗಳಲ್ಲಿ ಪ್ರತ್ಯೇಕವಾಗಿದೆ. ಬರೆದವರಿಗೆ ನೋಟಿಸಿನ ವಿಷಯ ತಿಳಿಸಿ, ದಾಖಲೆ ಇದೆಯೇ ಕೇಳಿ. ರಸೀದಿ, ಡಿಸ್ಚಾರ್ಜ್ ಚೀಟಿ ಇದ್ದರೆ ಅವರ ಬಳಿ ಜೋಪಾನವಾಗಿರಲಿ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರಲ್ಲೂ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ವಿನಾಯಿತಿ ಇದೆ. ಆಸ್ಪತ್ರೆಗೂ ತನ್ನ ವಿವರಣೆಯನ್ನು ಅಲ್ಲೇ ಹಾಕುವ ಅವಕಾಶ ಕೊಡಿ. ಬರಹ ದಾಖಲೆಯಿಲ್ಲದ ಬರಿಯ ನಿಂದೆಯಾಗಿದ್ದು ಬರೆದವರು ಪತ್ತೆಗೇ ಸಿಗದಿದ್ದರೆ ಆಗ ತೆಗೆಯಿರಿ. ಜನರ ದೂರಿಗೆ ಜಾಗ ಕೊಡಲೆಂದೇ ಹುಟ್ಟಿದ ತಾಣ ಮೊದಲ ಬೆದರಿಕೆಗೇ ಬಾಗಿಲು ಹಾಕಿಕೊಂಡರೆ ಅದು ಇದ್ದೂ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಆದೇಶಕ್ಕಾಗಿ ಕಾಯುವ ಈ ನಿಲುವು ಎಲ್ಲ ಬಗೆಯ ಬರಹಕ್ಕೂ ಸಲ್ಲುವುದಿಲ್ಲ. ಇದನ್ನು ಮರೆತವರಿಗೇ ಹೆಚ್ಚು ಪೆಟ್ಟು ಬೀಳುವುದು.

ಮೊದಲನೆಯದು ಖಾಸಗಿ ಚಿತ್ರಗಳು. ಒಬ್ಬರ ನಗ್ನ ಅಥವಾ ಲೈಂಗಿಕ ಚಿತ್ರವನ್ನು, ಕೃತಕವಾಗಿ ಮುಖ ಅಂಟಿಸಿದ್ದನ್ನೂ ಸೇರಿಸಿ, ಯಾರಾದರೂ ಹಾಕಿದ್ದಾರೆಂದು ಆ ವ್ಯಕ್ತಿಯೋ ಅವರ ಪರವಾಗಿ ಇನ್ನೊಬ್ಬರೋ ದೂರಿದರೆ ಯಾವ ನ್ಯಾಯಾಲಯದ ಆದೇಶವೂ ಬೇಡ. 2021ರ ನಿಯಮ ಇದಕ್ಕೆ 24 ಗಂಟೆ ಕೊಟ್ಟಿತ್ತು. 2026ರ ಫೆಬ್ರುವರಿಯ ತಿದ್ದುಪಡಿ ಅದನ್ನು 2 ಗಂಟೆಗೆ ಇಳಿಸಿತು. ಆ 2 ಗಂಟೆಯೂ ಸಂತ್ರಸ್ತೆಗೆ ಒಂದು ಯುಗ. ದೂರು ಕಂಡ ಕ್ಷಣ ಮೊದಲು ಮರೆಮಾಡಿ, ಉಳಿದ ವಿಚಾರಣೆ ಆಮೇಲೆ.

ಎರಡನೆಯದು ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯ. ಇಲ್ಲಿ ತೆಗೆದುಹಾಕಿದರಷ್ಟೇ ಸಾಲದು, ಪೊಲೀಸರಿಗೆ ತಿಳಿಸಲೇಬೇಕು. ಪೋಕ್ಸೊ ಕಾಯ್ದೆಯಡಿ ವರದಿ ಮಾಡದ ಮಧ್ಯವರ್ತಿ ಸೆಕ್ಷನ್ 79ರ ಆಶ್ರಯ ಕೇಳುವಂತಿಲ್ಲ ಎಂದು 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಕ್ಷ್ಯಕ್ಕೆಂದು ಅದರ ಪ್ರತಿ ತೆಗೆದು ಯಾರಿಗೂ, ನಿಮ್ಮ ವಕೀಲರಿಗೂ ಕಳಿಸಬೇಡಿ. ಇಟ್ಟುಕೊಳ್ಳುವುದು, ಹಂಚುವುದು ತಾನೇ ಅಪರಾಧವಾದೀತು. ಪ್ರವೇಶ ಮುಚ್ಚಿ, ಲಿಂಕು, ಸಮಯ, ಖಾತೆಯ ವಿವರ ಬರೆದುಕೊಂಡು ಸ್ಥಳೀಯ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ಕೂಡಲೇ ತಿಳಿಸಿ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ವಿಷಯ ನಮ್ಮ ಸುದ್ದಿ ತಾಣಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅತ್ಯಾಚಾರದ ಸುದ್ದಿಯಲ್ಲಿ ವರದಿಗಾರರು ಹೆಸರು ಮುಚ್ಚಿಟ್ಟಿರುತ್ತಾರೆ. ಕೆಳಗೆ ಊರಿನವರೊಬ್ಬರು ಸಂತ್ರಸ್ತೆಯ ಹೆಸರನ್ನೋ ಅವಳ ತಂದೆಯ ಹೆಸರನ್ನೋ, ಕೆಲವೊಮ್ಮೆ ಅನುಕಂಪದಿಂದಲೇ, ಬರೆದುಬಿಡುತ್ತಾರೆ. ನ್ಯಾಯ ಸಂಹಿತೆಯ ಸೆಕ್ಷನ್ 72ರಡಿ ಗುರುತು ಬಹಿರಂಗಪಡಿಸುವುದಕ್ಕೆ 2 ವರ್ಷದವರೆಗೆ ಸೆರೆವಾಸವಿದೆ. ಸಂತ್ರಸ್ತೆ ಬಾಲಕಿಯಾಗಿದ್ದರೆ ಪೋಕ್ಸೊ ಸೆಕ್ಷನ್ 23 ಬೇರೆ. ಇಂಥ ಸುದ್ದಿಗಳಿಗೆ ಪ್ರತಿಕ್ರಿಯೆಯ ಅವಕಾಶವನ್ನೇ ಮುಚ್ಚಿಬಿಡಿ. ಒಬ್ಬ ಹುಡುಗಿಯ ಬದುಕಿಗಿಂತ ನಾಲ್ಕು ಪ್ರತಿಕ್ರಿಯೆ ದೊಡ್ಡದಲ್ಲ.

ಮೂರನೆಯದು ಹಕ್ಕುಸ್ವಾಮ್ಯ. ಸಾಹಿತ್ಯ ತಾಣದಲ್ಲಿ ಒಬ್ಬರು ಇನ್ನೊಬ್ಬರ ಇಡೀ ಕಾದಂಬರಿಯ ಪಿಡಿಎಫ್ ಏರಿಸಿರುತ್ತಾರೆ. ಲೇಖಕರು ಯಾವ ಕೃತಿ, ಯಾವ ಲಿಂಕು, ತಮ್ಮ ಹಕ್ಕೇನು ಎಂದು ಲಿಖಿತವಾಗಿ ದೂರಿದರೆ 2013ರ ಹಕ್ಕುಸ್ವಾಮ್ಯ ನಿಯಮಗಳ ಪ್ರಕಾರ 36 ಗಂಟೆಯೊಳಗೆ ಪ್ರವೇಶ ತಡೆಯಬೇಕು. 21 ದಿನಗಳೊಳಗೆ ಅವರು ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೆರೆಯಲು ಅವಕಾಶವಿದೆ. ಮೈಸ್ಪೇಸ್ ಪ್ರಕರಣದಲ್ಲಿ 2016ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ತಾಣದಲ್ಲಿ ಎಲ್ಲೋ ಕಳ್ಳ ಪ್ರತಿ ಇರಬಹುದೆಂಬ ಸಾಮಾನ್ಯ ಅರಿವು ಸಾಲದು, ನಿರ್ದಿಷ್ಟ ಕೃತಿಯ ಅರಿವು ಬೇಕು ಎಂದಿತು. ನಿರ್ದಿಷ್ಟ ದೂರು ಬಂದ ಮೇಲೆ ಆ ನೆಪ ನಡೆಯುವುದಿಲ್ಲ. ಕನ್ನಡದ ಲೇಖಕರಿಗೆ ಪುಸ್ತಕದಿಂದ ಬರುವ ಆದಾಯವೇ ಅಲ್ಪ. ಅದಕ್ಕೂ ಕನ್ನ ಹಾಕುವ ಪಿಡಿಎಫ್‌ಗಳನ್ನು ದೂರಿಗೆ ಕಾಯದೆ ತೆಗೆಯುವುದು ಮರ್ಯಾದೆ.

ಠಾಣೆಯಿಂದ ಫೋನ್ ಬಂದರೆ

‘ಸಾರ್, ಆ ಪೋಸ್ಟ್ ತೆಗೀರಿ, ಇಲ್ಲಾಂದ್ರೆ ಕೇಸ್ ಆಗುತ್ತೆ.’ ಸಣ್ಣ ತಾಣಗಳವರನ್ನು ಹೆಚ್ಚು ಗಾಬರಿಗೊಳಿಸುವ ಕರೆ ಇದು. ಸರ್ಕಾರದ ತೆಗೆಯುವ ಆದೇಶಕ್ಕೆ ಒಂದು ರೂಪವಿದೆ. 2025ರ ನವೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಂಥ ಸೂಚನೆಯನ್ನು ಜಂಟಿ ಕಾರ್ಯದರ್ಶಿ ಮಟ್ಟದ ಅಧಿಕಾರಿ, ಪೊಲೀಸರಾದರೆ ವಿಶೇಷವಾಗಿ ಅಧಿಕಾರ ಪಡೆದ ಡಿಐಜಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ಕೊಡಬೇಕು. ಯಾವ ಕಾನೂನಿನಡಿ, ಯಾವ ಕಾರಣಕ್ಕೆ, ಯಾವ ಲಿಂಕು ಎಂದು ಅದರಲ್ಲಿ ಬರೆದಿರಬೇಕು. ಈ ಆದೇಶಗಳು ಬರುವ ‘ಸಹಯೋಗ್’ ಪೋರ್ಟಲನ್ನು ಎಕ್ಸ್ ಕಂಪನಿ ಪ್ರಶ್ನಿಸಿದ್ದು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2025ರ ಸೆಪ್ಟೆಂಬರ್ 24ರಂದು ಆ ಅರ್ಜಿಯನ್ನು ವಜಾ ಮಾಡಿದರು. ಸರಿಯಾದ ಆದೇಶ ಕೈಸೇರಿದ ಮೇಲೆ ಇರುವ ಸಮಯ ಬಹಳ ಕಡಿಮೆ: 2021ರಲ್ಲಿ 36 ಗಂಟೆ ಇದ್ದದ್ದು 2026ರ ಫೆಬ್ರುವರಿಯಿಂದ 3 ಗಂಟೆ. ಒಬ್ಬಂಟಿಯಾಗಿ ತಾಣ ನಡೆಸುವವರಿಗೆ ಇದು ವಿಪರೀತ ಕಠಿಣ. ನಿದ್ದೆ ಮಾಡುವಷ್ಟೂ ಹೊತ್ತಲ್ಲ. ದೈತ್ಯ ಕಂಪನಿಗೂ ತಾಲ್ಲೂಕಿನ ತಾಣಕ್ಕೂ ಒಂದೇ ಗಡಿಯಾರ ಹಿಡಿಯುವುದು ನ್ಯಾಯವಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ನಿಯಮ ಇರುವವರೆಗೆ ಪಾಲಿಸಲೇಬೇಕು. ಆದ್ದರಿಂದ ದೂರಿನ ಇಮೇಲ್ ಇಬ್ಬರ ಫೋನಿಗಾದರೂ ಬರುವಂತೆ ಮಾಡಿಕೊಳ್ಳಿ.

ಬರಿಯ ಫೋನ್ ಕರೆಗೆ ಈ ಬಲವಿಲ್ಲ. ವಿನಯದಿಂದಲೇ ‘ದಯವಿಟ್ಟು ಬರಹದಲ್ಲಿ ಕಳಿಸಿ’ ಎನ್ನಿ. ಅಷ್ಟರಲ್ಲಿ ಆ ಪೋಸ್ಟನ್ನು ನೀವೇ ಓದಿ. ಕೋಮು ದ್ವೇಷ, ಜಾತಿ ನಿಂದನೆ, ಗಲಭೆಗೆ ಕುಮ್ಮಕ್ಕು ಇದ್ದರೆ ಆದೇಶಕ್ಕೆ ಕಾಯಬೇಡಿ, ತೆಗೆಯಿರಿ. ಅಧಿಕಾರಿಯೊಬ್ಬರ ಮೇಲಿನ ಟೀಕೆಯಷ್ಟೇ ಆಗಿದ್ದರೆ ಬರಹದ ಆದೇಶ ಬರಲಿ.

ಬಳಕೆದಾರರ ವಿವರ ಕೇಳುವುದು ಇದಕ್ಕಿಂತ ಬೇರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 94ರಡಿ ಠಾಣಾಧಿಕಾರಿ ಲಿಖಿತ ಸೂಚನೆ ಕೊಟ್ಟು ದಾಖಲೆ ಕೇಳಬಹುದು. ಮಧ್ಯವರ್ತಿ ನಿಯಮದಲ್ಲೂ ಲಿಖಿತ ಆದೇಶದ ಮೇಲೆ 72 ಗಂಟೆಯೊಳಗೆ ಮಾಹಿತಿ ಕೊಡುವ ಹೊಣೆ ಇದೆ. ಕೇಳಿದ್ದಷ್ಟನ್ನು ಕೊಡಿ, ಕೊಟ್ಟದ್ದರ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿಗೆ ಯಾರ ಫೋನ್ ನಂಬರನ್ನೂ ಕೊಡಬೇಡಿ.

ನ್ಯಾಯಾಲಯದ ತಡೆಯಾಜ್ಞೆ ಬಂದರೆ ಮೊದಲು ಪಾಲಿಸಿ, ಆಮೇಲೆ ಪ್ರಶ್ನಿಸಿ. ನಿಮ್ಮ ಮಾತು ಕೇಳದೆ ಹೊರಡಿಸಿದ ಆದೇಶವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 4ನೇ ನಿಯಮದಡಿ ಅದನ್ನು ತೆರವು ಮಾಡಿಸಲು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಧರ್ಮಸ್ಥಳಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ 2025ರ ಜುಲೈಯಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಹೊರಡಿಸಿದ ಆದೇಶ 8 ಸಾವಿರಕ್ಕೂ ಹೆಚ್ಚು ಲಿಂಕುಗಳಿಗೆ ಅನ್ವಯವಾಗಿತ್ತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಯೂಟ್ಯೂಬ್ ವಾಹಿನಿಯೊಂದಕ್ಕೆ ಆಗಸ್ಟ್ 1ರಂದು ಪರಿಹಾರ ಸಿಕ್ಕಿತು. ಆ ವಾಹಿನಿಯ ಮಟ್ಟಿಗೆ ಆದೇಶ ರದ್ದಾಗಿ ವಿಷಯ ಮರುವಿಚಾರಣೆಗೆ ಹೋಯಿತು. ಹೋರಾಡಿದವರಿಗೆ ದಾರಿ ಇದೆ. ಆದೇಶವನ್ನು ಕಡೆಗಣಿಸಿದವರಿಗೆ ನ್ಯಾಯಾಂಗ ನಿಂದನೆ ಕಾದಿರುತ್ತದೆ.

ಮುಂಚೆಯೇ ಮಾಡಿಡಬೇಕಾದ ಕೆಲಸ

ಬಳಕೆಯ ನಿಯಮ, ಖಾಸಗಿತನ ನೀತಿಗಳನ್ನು ತಾಣದಲ್ಲಿ ಪ್ರಕಟಿಸಬೇಕು. ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳಲ್ಲಿ, ಬಳಕೆದಾರರು ಬಯಸಿದ ಭಾಷೆಯಲ್ಲಿ ಅವು ಸಿಗಬೇಕೆಂದು 2022ರ ತಿದ್ದುಪಡಿ ಹೇಳುತ್ತದೆ. ಕನ್ನಡ ತಾಣದ ನಿಯಮಗಳು ಯಾವುದೋ ಅಮೆರಿಕದ ತಾಣದಿಂದ ನಕಲಿಳಿಸಿದ ಇಂಗ್ಲಿಷಿನಲ್ಲಿದ್ದರೆ ಓದುವವರು ಯಾರು? ಸರಳ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಎದ್ದು ಕಾಣುವಂತಿರಲಿ. ಒಬ್ಬರೇ ನಡೆಸುವ ತಾಣವಾದರೆ ಆ ಅಧಿಕಾರಿ ನೀವೇ. ದೂರು ತಲುಪಿತೆಂದು 24 ಗಂಟೆಯೊಳಗೆ ತಿಳಿಸಬೇಕು. ಇತ್ಯರ್ಥಕ್ಕೆ ಮೊದಲು 15 ದಿನ ಇತ್ತು, ಈಗ 7.

ಬರಹ ತೆಗೆಯುವಾಗ ಬುಡಸಮೇತ ಅಳಿಸಿಬಿಡುವುದು ಅನೇಕರ ಅಭ್ಯಾಸ. ಸಾಕ್ಷ್ಯ ಕೆಡದಂತೆ ತೆಗೆಯಬೇಕೆಂದು ಸೆಕ್ಷನ್ 79 ಹೇಳುತ್ತದೆ. ತನಿಖೆಗಾಗಿ 180 ದಿನ ಕಾಪಿಡಬೇಕೆಂದು ನಿಯಮ ಹೇಳುತ್ತದೆ. ಹೀಗಾಗಿ ಸಾರ್ವಜನಿಕರಿಗೆ ಕಾಣದಂತೆ ಮುಚ್ಚಿ, ಮೂಲ ಪಠ್ಯ, ಹಾಕಿದ ಸಮಯ, ಖಾತೆ, ಐಪಿ ವಿಳಾಸದ ದಾಖಲೆಗಳನ್ನು ಉಳಿಸಿಕೊಳ್ಳಿ. ಯಾವಾಗ ದೂರು ಬಂತು, ಯಾವಾಗ ನೋಡಿದಿರಿ, ಏನು ನಿರ್ಧರಿಸಿದಿರಿ, ಯಾಕೆ ಎಂದು ಒಂದು ಪುಸ್ತಕದಲ್ಲೋ ಎಕ್ಸೆಲ್ ಹಾಳೆಯಲ್ಲೋ ಬರೆದಿಡಿ. ಎರಡು ವರ್ಷಗಳ ಮೇಲೆ ಕಟಕಟೆಯಲ್ಲಿ ನಿಂತಾಗ ನಿಮ್ಮ ಪರವಾಗಿ ಮಾತನಾಡುವುದು ಆ ಹಾಳೆಯೊಂದೇ.

ಬೈಗುಳ ಸೋಸುವ ತಂತ್ರಾಂಶದ ಮೇಲೆ ಪೂರ್ತಿ ಭರವಸೆ ಬೇಡ. ಇಂಗ್ಲಿಷ್ ಬೈಗುಳ ಹಿಡಿಯುವ ತಂತ್ರಾಂಶಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಬೈಗುಳ ಗೊತ್ತಾಗುವುದಿಲ್ಲ. ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸಿದ್ದನ್ನು ಹಿಡಿಯಲು ನಮ್ಮ ಸಮಾಜ ಬಲ್ಲ ಮನುಷ್ಯನ ಕಣ್ಣೇ ಬೇಕು. ರಾತ್ರಿ ನೋಡಿಕೊಳ್ಳುವವರಿಲ್ಲದಿದ್ದರೆ ರಾತ್ರಿ ಬಂದ ಬರಹ ಬೆಳಿಗ್ಗೆಯವರೆಗೆ ತಡೆದಿಡುವಂತೆ ಮಾಡಿ.

ಸರ್ವರ್ ಸಿಂಗಪುರದಲ್ಲಿದೆ, ಹೆಸರು ಅಮೆರಿಕದಲ್ಲಿ ನೋಂದಣಿಯಾಗಿದೆ ಎಂಬ ಧೈರ್ಯವೂ ಬೇಡ. ಭಾರತದಲ್ಲಿರುವ ಕಂಪ್ಯೂಟರ್ ಜಾಲ ತೊಡಗಿದ್ದರೆ ಹೊರದೇಶದಲ್ಲಿ ನಡೆದ ಕೃತ್ಯಕ್ಕೂ ಕಾಯ್ದೆಯ ಸೆಕ್ಷನ್ 75 ಅನ್ವಯಿಸುತ್ತದೆ. ಅಮೆರಿಕದ ಕನ್ನಡ ಕೂಟಗಳ ತಾಣಗಳಿಗೆ ಅಲ್ಲಿನ 1996ರ ಕಾನೂನಿನ ಸೆಕ್ಷನ್ 230 ನಮ್ಮದಕ್ಕಿಂತ ಬಹಳ ಅಗಲವಾದ ರಕ್ಷಣೆ ಕೊಡುತ್ತದೆ. ಆದರೆ ಅದು ಅಲ್ಲಿನ ನ್ಯಾಯಾಲಯದ ಮಾತು.

ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್‌ಗಳು ಕೇಳುವ ಪ್ರಶ್ನೆಗೂ ಉತ್ತರ ಇಲ್ಲೇ ಇರಲಿ. ಸದಸ್ಯನೊಬ್ಬ ಹಾಕಿದ್ದಕ್ಕೆ, ಸಮಾನ ಉದ್ದೇಶ ಅಥವಾ ಸಂಚು ಇಲ್ಲದಿದ್ದರೆ, ಅಡ್ಮಿನ್ ಅಪರಾಧಿಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೂ, ಅಡ್ಮಿನ್ ಎಂಬ ಕಾರಣಕ್ಕೇ ಕ್ರಿಮಿನಲ್ ಹೊಣೆ ಹೊರಿಸಲಾಗದೆಂದು ಕೇರಳ ಹೈಕೋರ್ಟ್ 2022ರಲ್ಲೂ ಹೇಳಿವೆ.

ಇಲ್ಲಿ ಹೇಳಿದ ಮಧ್ಯವರ್ತಿ ನಿಯಮಗಳು 2021ರಿಂದ ಈಚೆಗೆ ಹಲವು ಸಲ ಬದಲಾಗಿವೆ, ಇನ್ನೂ ಬದಲಾಗಬಹುದು. ನೋಟಿಸು ಕೈಗೆ ಬಂದಾಗ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ತಾಣದಲ್ಲಿ ಅಂದಿನ ನಿಯಮ ನೋಡಿ, ವಕೀಲರನ್ನು ಕಂಡು ಹೆಜ್ಜೆ ಇಡಿ. ಅದಕ್ಕೂ ಮೊದಲು ನಿಮ್ಮ ತಾಣವನ್ನು ಈಗಲೇ ಒಮ್ಮೆ ತೆರೆದು ನೋಡಿ. ತೊಂದರೆಗೊಳಗಾದವರೊಬ್ಬರು ರಾತ್ರಿ 11 ಗಂಟೆಗೆ ದೂರು ಕೊಡಬೇಕೆಂದರೆ ಯಾರಿಗೆ, ಎಲ್ಲಿಗೆ ಬರೆಯಬೇಕೆಂದು ಮೊದಲ ಪುಟದಲ್ಲಿ ಕಾಣದಿದ್ದರೆ ಇವತ್ತೇ ಅದನ್ನು ಹಾಕಿ.